ಮೂರನೇ ದಿನದ ಹಾಲ್ಟ್

ಇದು ನಮ್ಮ ಮನೆಯೊಳಗಿನ ವಿಷಯ. ಮನೆಯ ಹಿರಿಯರ ಬಗ್ಗೆ ಸೊಸೆಯಾದವಳು ಹೊರಗೆ ಹೇಳಿಕೊಂಡು ತಿರುಗುವುದು ಸರಿಯಲ್ಲವೆಂದು ನನಗೂ ಗೊತ್ತು. ತಪ್ಪು ಅನ್ನಿಸಿದರೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಮೂವತ್ತು ದಾಟಿದ ಮೇಲೆ ಸಂಜೆ ಕಾಲೇಜಿನಲ್ಲಿ ಓದಿದವಳು ನಾನು. ಕಥೆ ಕಟ್ಟುವ ಜಾಣತನ ಇಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಬಲ್ಲೆ, ಅಷ್ಟೆ. ಹೇಳದೆ ಇರಲಾರೆ ಎನ್ನುವುದಕ್ಕೆ ಕಾರಣವೂ ಒಂದಿದೆ. ಇಷ್ಟೆಲ್ಲ ಶುರುವಾದದ್ದು ನನ್ನ ಕೈಯಿಂದ.

ನಾನು ಡ್ರೈ ಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಬಟ್ಟೆ ಬಂದ ಕೂಡಲೇ ಪ್ರತಿ ಜೇಬನ್ನೂ ಒಳಮೈ ಹೊರಗೆ ಮಾಡಿ ನೋಡಬೇಕು. ಸಿಕ್ಕಿದ ಕೀಲಿಕೈ, ಟಿಕೆಟ್ಟು, ಮಾತ್ರೆ, ಕಾಗದ, ಏನೇ ಇರಲಿ, ಲಕೋಟೆಗೆ ಹಾಕಿ ಬಟ್ಟೆಯ ನಂಬರು ಬರೆದು ಗಿರಾಕಿಗೆ ಹಿಂತಿರುಗಿಸಬೇಕು. ಓದುವಂತಿಲ್ಲ, ಎಸೆಯುವಂತಿಲ್ಲ. ಹನ್ನೊಂದು ವರ್ಷದಲ್ಲಿ ಈ ಅಭ್ಯಾಸ ಕೈಗೇ ಅಂಟಿಕೊಂಡಿದೆ. ಮನೆಯಲ್ಲೂ ವಾಷಿಂಗ್ ಮೆಷಿನ್ನಿಗೆ ಹಾಕುವ ಮುಂಚೆ ಎಲ್ಲರ ಜೇಬು ತಡಕಿ, ಸಿಕ್ಕಿದ್ದನ್ನು ಪಕ್ಕದ ಗೂಡಿನಲ್ಲಿರುವ ಸ್ಟೀಲ್ ಬಟ್ಟಲಿಗೆ ಹಾಕುತ್ತೇನೆ. ಯಾರದೋ ಅವರು ತೆಗೆದುಕೊಳ್ಳುತ್ತಾರೆ.

ಮನೆಯಲ್ಲಿ ನಾವು ಐದು ಜನ. ಮಾವ ಬಸ್ ನಿಲ್ದಾಣದಲ್ಲಿ ಟೈಂ ಕೀಪರ್ ಆಗಿದ್ದು ನಿವೃತ್ತರಾದವರು. ಸೀಟಿ ಊದಿ ಬಸ್ಸು ಬಿಡುವುದು, ಬಂದ ಹೊತ್ತು ಹೋದ ಹೊತ್ತು ಬರೆಯುವುದು, ಇಷ್ಟರಲ್ಲೇ ಅವರ ಆಯುಷ್ಯ ಕಳೆಯಿತು. ನಿಲ್ದಾಣದವರು ಕರೆಯುತ್ತಿದ್ದ ಹಾಗೆ, ಮನೆಯಲ್ಲಿ ಅವರ ಬೆನ್ನ ಹಿಂದೆ ನಾವೂ ಕಂಟ್ರೋಲರ್ ಅನ್ನುತ್ತೇವೆ. ಅತ್ತೆ ಮನೆಯಲ್ಲೇ ಕುಳಿತು ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಾರೆ. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಮಗಳಿಗೆ ಹದಿನೈದು ವರ್ಷ. ಬಾಯಿ ಮುಚ್ಚುವುದೇ ಇಲ್ಲವಾದ್ದರಿಂದ ಗಿಣಿ.

ಒಂದು ಭಾನುವಾರ ಊಟಕ್ಕೆ ಕುಳಿತಾಗ ಮಾವ ಹೇಳಿದರು:

"ಮುಂದಿನ ತಿಂಗಳು ಎಲ್ರೂ ಕರಾವಳಿಗೆ ಹೋಗೋಣ. ನಾಲ್ಕು ದಿನ. ನೋಡೋದು ನೋಡ್ಕೊಂಡು, ಅಲ್ಲಲ್ಲೇ ಒಳ್ಳೇದು ತಿನ್ಕೊಂಡು ಬರೋಣ."

ಬಡಿಸುತ್ತಿದ್ದ ಅತ್ತೆಯ ಕೈ ಸೌಟಿನ ಸಮೇತ ನಿಂತಿತು. "ಜ್ವರ ಗಿರ ಬಂದಿದ್ಯಾ ನಿಮ್ಗೆ?"

"ಯಾಕೆ, ನಾನು ಕರ್ಕೊಂಡು ಹೋಗಬಾರ್ದಾ?"

"ನಲವತ್ತೈದು ವರ್ಷದಲ್ಲಿ ಆಸ್ಪತ್ರೆ ಬಿಟ್ರೆ ಎಲ್ಲಿಗೆ ಕರ್ಕೊಂಡು ಹೋಗಿದ್ದೀರಿ? ಅದಕ್ಕೇ ಕೇಳ್ದೆ."

"ಅಜ್ಜಿ, ಸುಮ್ನಿರಿ! ಅಜ್ಜ ಮನಸ್ಸು ಬದಲಾಯಿಸ್ಬಿಟ್ರೆ?" ಎಂದು ಗಿಣಿ ಆಗಲೇ ಫೋನ್ ತೆಗೆದಳು. "ಸುಟ್ಟ ಮೀನು ಬೇಕು. ಏಡಿ ಬೇಕು. ದೋಣಿ ಬೇಕು."

ಮೂರನೇ ದಿನಕ್ಕೆ ಅಡುಗೆಮನೆಯ ಬಾಗಿಲ ಮೇಲೆ ಒಂದು ದೊಡ್ಡ ಹಾಳೆ ಅಂಟಿತು. ಮಾವ ಗೆರೆ ಎಳೆದು ಅಂಕಣ ಮಾಡಿದ್ದರು: ಸ್ಥಳ, ಆಗಮನ, ನಿರ್ಗಮನ, ತಿನ್ನುವುದು. ದೀಪಸ್ತಂಭ, ಒಂಬತ್ತು ನಲವತ್ತರಿಂದ ಹತ್ತು ಇಪ್ಪತ್ತೈದು, ಎಳನೀರು. ಮೀನು ಸಂತೆ, ಆರರಿಂದ ಏಳು, ತಿಂಡಿ.

"ಅಜ್ಜ, ಸೂರ್ಯಾಸ್ತಕ್ಕೆ ಬರೀ ಹನ್ನೆರಡು ನಿಮಿಷ ಕೊಟ್ಟಿದ್ದೀರಲ್ಲ!"

"ಅವನು ಮುಳುಗೋಕೆ ಅಷ್ಟು ಸಾಕು. ಲೇಟ್ ಮಾಡೋನಲ್ಲ."

ಎಲ್ಲರೂ ನಕ್ಕೆವು. ಅತ್ತೆ ಮಾತ್ರ ಹಾಳೆಯ ಹತ್ತಿರ ಹೋಗಿ ಮೂರನೇ ದಿನದ ಸಾಲಿನ ಮೇಲೆ ಬೆರಳಿಟ್ಟರು. ಕಡಲಿಗೆ ಸೇರುವ ಹೊಳೆಯ ದಡದ ಒಂದು ಸಣ್ಣ ಊರು. ಆಗಮನ ಒಂದು ಗಂಟೆ. ಊಟ. ಆಮೇಲೆ, ಎರಡು ಹತ್ತರಿಂದ ಐದು ನಲವತ್ತು, ಹಾಲ್ಟ್.

"ಇದೇನು ಮೂರೂವರೆ ಗಂಟೆ?"

"ಹಾಲ್ಟ್ ಅಂದ್ರೆ ಹಾಲ್ಟ್. ಗಾಡಿಗೆ ವಿಶ್ರಾಂತಿ ಬೇಡ್ವಾ?"

ಗಿಣಿ ಫೋನಿನಲ್ಲಿ ಹುಡುಕಿದಳು. "ಅಜ್ಜಿ, ಅಲ್ಲಿ ನೋಡೋಕೆ ಏನೂ ಇಲ್ಲ. ಒಂದು ಸೇತುವೆ, ಒಂದು ಐಸ್ ಫ್ಯಾಕ್ಟರಿ. ಫೋಟೋನೂ ಒಂದೇ ಇದೆ. ಅದ್ರಲ್ಲೂ ಒಂದು ಹಸು ಅಡ್ಡ ಬಂದಿದೆ."

ಅತ್ತೆ ಬೆತ್ತ ನೆನೆಹಾಕಿದ್ದ ಬಕೆಟ್ಟಿನ ಮುಂದೆ ಹೋಗಿ ಕುಳಿತರು. ನನಗೆ ಆಮೇಲೆ ಹೇಳಿದರು: ನನ್ನ ಗಂಡನಿಗೆ ನಾಲ್ಕು ವರ್ಷವಾಗಿದ್ದಾಗ ಮಾವನಿಗೆ ಅದೇ ಊರಿನ ನಿಲ್ದಾಣಕ್ಕೆ ವರ್ಗವಾಗಿತ್ತು. ಮೂರು ವರ್ಷ. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. "ಬಂದಾಗ ಅವರ ಬಟ್ಟೆ ಒಗೆದಿರೋದು. ನಾನು ಒಗೆಯೋಕೆ ಏನೂ ಇರ್ತಿರ್ಲಿಲ್ಲ. ಆಗ ಖುಷಿಪಟ್ಟಿದ್ದೆ ನೋಡು, ಕೆಲಸ ಉಳೀತು ಅಂತ."

ಒಂಟಿ ಗಂಡಸು ತನ್ನ ಬಟ್ಟೆ ತಾನೇ ಒಗೆದುಕೊಳ್ಳಬಹುದು ಎಂದು ಆಗಲೇ ಹೇಳಬೇಕಿತ್ತೇನೋ.

ಮರುವಾರ ಮಾವನ ಬೂದಿ ಬಣ್ಣದ ಷರ್ಟಿನ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ ಸಿಕ್ಕಿತು. ಕೆಳಗಿನ ಮಡಿಕೆ ಬಿಚ್ಚಿಕೊಂಡು ಒಂದು ಫೋನ್ ನಂಬರು ಕಾಣುತ್ತಿತ್ತು. ಓದಲಿಲ್ಲ, ಬಟ್ಟಲಿಗೆ ಹಾಕಿದೆ. ಮಾವನ ಕೈಗೆ ಕೊಡಬಹುದಿತ್ತು. ಅವರು ವರಾಂಡದಲ್ಲೇ ಇದ್ದರು. ಅಭ್ಯಾಸದ ಕೈ, ಬಟ್ಟಲಿಗೇ ಹೋಯಿತು.

ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅತ್ತೆ ಆ ಚೀಟಿ ಹಿಡಿದು ನಿಂತಿದ್ದರು.

"ನೀನಿಟ್ಟಿದ್ದಾ?"

"ಹೂಂ."

"ಓದಿದ್ಯಾ?"

"ಇಲ್ಲ ಅತ್ತೆ."

"ಓದು."

ಓದಿದೆ. 'ಸೇತುವೆ ದಾಟಿ, ಐಸ್ ಫ್ಯಾಕ್ಟರಿ ಹಿಂದೆ, ನೀಲಿ ಗೇಟು. ನೀವು ಒಬ್ಬರೇ ಬರಬೇಕು. ಜೊತೆಗೆ ಯಾರೂ ಬೇಡ.' ದುಂಡಗಿನ ಅಕ್ಷರ. ಕೆಳಗೆ ಆ ನಂಬರು.

"ಹೆಂಗಸಿನ ಕೈಬರಹ," ಎಂದರು ಅತ್ತೆ.

"ಅಕ್ಷರ ನೋಡಿ ಹೆಂಗಸು ಗಂಡಸು ಅಂತ ಹೇಳೋಕಾಗಲ್ಲ ಅತ್ತೆ."

"ನಿನ್ನ ಸಂಜೆ ಕಾಲೇಜಲ್ಲಿ ಹಾಗಂತ ಹೇಳ್ಕೊಟ್ರಾ? ಕೊಡಿಲ್ಲಿ."

ಚೀಟಿ ಮತ್ತೆ ನಾಲ್ಕು ಮಡಿಕೆಯಾಗಿ ಬಟ್ಟಲು ಸೇರಿತು. ಮಾವ ಸಂಜೆ ಬಂದು ಅದನ್ನು ತೆಗೆದುಕೊಂಡರು. ತೆಗೆದುಕೊಳ್ಳುವಾಗ ನನ್ನ ಕಡೆ ಒಮ್ಮೆ ನೋಡಿದರು. ಅಂಗಡಿಯಲ್ಲಿ ನಾನು ಕಂಡ ಮಟ್ಟಿಗೆ, ಮುಚ್ಚಿಡುವ ವಿಷಯ ಇರುವವರು ಬಟ್ಟೆ ಕೊಡುವ ಮೊದಲು ಜೇಬನ್ನೇ ಖಾಲಿ ಮಾಡುತ್ತಾರೆ. ನನ್ನ ಬಟ್ಟಲಿನ ಅಭ್ಯಾಸ ಮಾವನಿಗೆ ಚೆನ್ನಾಗಿ ಗೊತ್ತು. ಹಾಗಾದರೆ ಮರೆತರೋ, ಬಿಟ್ಟರೋ? ಈ ಪ್ರಶ್ನೆ ಹಿಡಿದುಕೊಂಡು ಆ ವಾರವೆಲ್ಲ ಗಿರಾಕಿಗಳಿಗೆ ತಪ್ಪು ಬಟ್ಟೆ ಕೊಟ್ಟೆ.

ಅಲ್ಲಿಂದ ಮನೆಯಲ್ಲಿ ಪ್ರವಾಸದ ತಯಾರಿಯ ಜೊತೆಗೇ ಕಾವಲೂ ಶುರುವಾಯಿತು. ಮಾವ ಫೋನ್ ಹಿಡಿದು ಟೆರೇಸಿಗೆ ಹತ್ತಿದರೆ ಅತ್ತೆ ಒಣಗಿದ ಬಟ್ಟೆ ತರುವ ನೆಪದಲ್ಲಿ ಹಿಂದೆಯೇ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಮೂರು ಸಲ ಹೋದರು. ಮೂರನೇ ಸಲ ತರಲು ಬಟ್ಟೆಯೇ ಇರಲಿಲ್ಲ, ಬರೀ ಕ್ಲಿಪ್ಪು ತಂದರು.

ನನ್ನ ಗಂಡನ ಅನುಮಾನವೇ ಬೇರೆ. "ಅಪ್ಪನಿಗೆ ಏನೋ ಕಾಯಿಲೆ ಇದೆ," ಎಂದರು ಟೀ ಕುಡಿಯುತ್ತ. "ಬೆಲ್ಟಿಗೆ ಹೊಸ ತೂತು ಮಾಡಿದ್ದಾರೆ ನೋಡಿದ್ಯಾ? ಅಲ್ಲಿ ಯಾರೋ ಔಷಧಿ ಕೊಡೋನ ಹತ್ರ ಹೋಗ್ತಿದ್ದಾರೆ. ನಮ್ಗೆ ಗೊತ್ತಾಗ್ಬಾರ್ದು ಅಂತ ಈ ಟೂರು."

"ಕೇಳ್ಬಿಡಿ ಮತ್ತೆ."

"ನಾನಾ? ನೀನೇ ಕೇಳು. ನಿನ್ನ ಮೇಲೆ ರೇಗಲ್ಲ."

ನಾನೂ ಕೇಳಲಿಲ್ಲ. ಕೇಳುವ ಬದಲು ಮಾವ ಎಷ್ಟು ಅನ್ನ ಬಿಟ್ಟರು ಎಂದು ತಟ್ಟೆ ನೋಡತೊಡಗಿದೆವು. ಅವರಿಗೂ ಅದು ಗೊತ್ತಾಗಿ, ಬೇಡವಾದರೂ ಪೂರ್ತಿ ತಿಂದು ಏಳುತ್ತಿದ್ದರು.

ಹಾಳೆಯ ಮೇಲೆ ಒಂದು ಬೆಳಿಗ್ಗೆ, ಹಾಲ್ಟ್ ಎನ್ನುವುದರ ಮುಂದೆ ಪೆನ್ಸಿಲ್ಲಿನಲ್ಲಿ 'ಎಲ್ಲರೂ' ಎಂದು ಬರೆದಿತ್ತು. ಅತ್ತೆಯ ಅಕ್ಷರ. ಸಂಜೆಗೆ ಅದು ಇರಲಿಲ್ಲ. ಮರುದಿನ ಮತ್ತೆ 'ಎಲ್ಲರೂ'. ಮತ್ತೆ ರಬ್ಬರು. ಇಬ್ಬರೂ ಒಬ್ಬರಿಗೊಬ್ಬರು ಏನೂ ಹೇಳುತ್ತಿರಲಿಲ್ಲ. ಉಪ್ಪು ಕೊಡು, ನೀರು ಬಂತಾ, ಇಷ್ಟೇ ಮಾತು. ಹತ್ತು ದಿನದಲ್ಲಿ ಕಾಗದ ಅಷ್ಟು ಜಾಗದಲ್ಲಿ ಸವೆದು ಹಿಂದಿನ ಬಾಗಿಲಿನ ಬಣ್ಣ ಕಾಣಿಸಿತು.

"ಅಮ್ಮ, ಇವ್ರಿಬ್ರೂ ಟೂರಿಗೆ ಹೋಗ್ತಿದ್ದಾರೋ ಯುದ್ಧಕ್ಕೋ?" ಎಂದಳು ಗಿಣಿ.

ಆಮೇಲೆ ನಾನು ಮಾಡಿದ ಕೆಲಸಕ್ಕೆ ಸಮಜಾಯಿಷಿ ಇಲ್ಲ. ದಿನವೂ ನೂರಾರು ನಂಬರು ನೋಡುವವಳಿಗೆ ಒಂದು ಸಲ ಕಂಡ ನಂಬರು ಮರೆಯುವುದಿಲ್ಲ. ಅಂಗಡಿಯ ಫೋನಿನಿಂದ ಆ ನಂಬರಿಗೆ ಮಾಡಿದೆ. ಅತ್ತೆಗೆ ನೆಮ್ಮದಿ ಸಿಗಲಿ ಎಂದು ಮಾಡಿದೆ ಅಂದುಕೊಂಡಿದ್ದೇನೆ. ಕುತೂಹಲವೂ ಇತ್ತು.

ಒಬ್ಬ ಹೆಂಗಸು ಎತ್ತಿದಳು. "ಡ್ರೈ ಕ್ಲೀನಿಂಗ್ ಅಂಗಡಿಯಿಂದ... ನಿಮ್ಮ ಕೋಟು ರೆಡಿ ಇದೆ."

"ನಮ್ಮನೇಲಿ ಕೋಟು ಹಾಕೋರು ಯಾರೂ ಇಲ್ಲ," ಎಂದಳು. "ನೀವು ಕಂಟ್ರೋಲರ್ ಮನೆಯವರಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಅವ್ರಿಗೆ ಹೇಳಿ, ಒಬ್ರೇ ಬಂದ್ರೆ ಮಾತ್ರ ಗೇಟು ತೆಗೀತೀನಿ. ಸಂಸಾರ ಕರ್ಕೊಂಡು ಬಂದು ನಮ್ಮನ್ನ ತೋರ್ಸೋದು ಬೇಡ." ಇಟ್ಟುಬಿಟ್ಟಳು.

ಮನೆಗೆ ಬಂದು ಅತ್ತೆಗೆ ಅಕ್ಷರ ಬಿಡದೆ ಒಪ್ಪಿಸಿದೆ. ಮುಚ್ಚಿಟ್ಟರೆ ಪಾಪ ಅನ್ನಿಸಿತು. ಹೇಳಿದ ಮೇಲೆ, ಹೇಳಿದ್ದೇ ಪಾಪ ಅನ್ನಿಸಿತು. ಅತ್ತೆ ಕೈಯಲ್ಲಿದ್ದ ಬೆತ್ತದ ಎಳೆ ಬಿಟ್ಟು ಕೇಳಿದರು.

"ವಯಸ್ಸೆಷ್ಟಿರ್ಬಹುದು?"

"ಮೂವತ್ತೈದು, ಮೂವತ್ತಾರು. ಧ್ವನಿಯಲ್ಲಿ ಹೇಳೋದು ಕಷ್ಟ."

ಅವರು ಬೆರಳು ಮಡಿಚಿ ಎಣಿಸಿದರು. ಮಾವ ಆ ಊರಿನಲ್ಲಿದ್ದ ವರ್ಷಗಳನ್ನು ಎಣಿಸುತ್ತಿದ್ದಾರೆಂದು ನನಗೆ ಅರ್ಥವಾಯಿತು. ಲೆಕ್ಕ ಸರಿಹೋಯಿತು. ಅವರ ಮುಖ ನೋಡಲಾಗಲಿಲ್ಲ.

ಆ ಸಂಜೆ ಎಲ್ಲರ ತಟ್ಟೆಗೂ ಬಡಿಸಿ, ತಮ್ಮ ತಟ್ಟೆ ಮಗುಚಿಟ್ಟು ಕುಳಿತರು.

"ನಾನು ಟೂರಿಗೆ ಬರಲ್ಲ. ನಿಮ್ಮ ಇನ್ನೊಂದು ಮನೆ ನೋಡೋಕೆ ನನ್ನ ಯಾಕೆ ಕರೀತೀರಿ? ನೀವೇ ಹೋಗ್ಬನ್ನಿ."

ನನ್ನ ಗಂಡನ ಕೈಯ ತುತ್ತು ಅಲ್ಲೇ ಉಳಿಯಿತು. "ಅಮ್ಮ, ಏನು ಮಾತಾಡ್ತಿದ್ದೀರಿ? ಅಪ್ಪನಿಗೆ ಹುಷಾರಿಲ್ಲ..."

"ನಂಗೇನಾಗಿದೆ?" ಎಂದು ಮಾವ ಮಗನ ಕಡೆ ತಿರುಗಿದರು. "ಯಾವ ಇನ್ನೊಂದು ಮನೆ?"

"ನೀಲಿ ಗೇಟಿನ ಮನೆ."

ಮಾವ ನನ್ನನ್ನು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನೀರು ಕುಡಿದು, ನಿಲ್ದಾಣದಲ್ಲಿ ವರದಿ ಒಪ್ಪಿಸುವವರ ಹಾಗೆ ಹೇಳತೊಡಗಿದರು.

"ಅಲ್ಲಿ ಸ್ಟ್ಯಾಂಡಿನ ಗಡಿಯಾರನ ನಾನು ನಾಲ್ಕು ನಿಮಿಷ ಮುಂದೆ ಇಡ್ತಿದ್ದೆ. ಯಾರಿಗೂ ಹೇಳಿರ್ಲಿಲ್ಲ. ಹಾಗಿಟ್ರೆ ಗಾಡಿ ಸರಿಯಾದ ಹೊತ್ತಿಗೆ ಹೊರಡೋದು. ನನ್ನ ಸ್ಟ್ಯಾಂಡಿಗೆ ಒಳ್ಳೆ ಹೆಸರಿತ್ತು. ತಡವಾಗಿ ಬಂದೋರಿಗೆ ಅದೇ ಗಡಿಯಾರ ನೋಡಿ ಕೆಂಪು ಗುರುತು ಹಾಕ್ತಿದ್ದೆ. ಒಬ್ಬ ಕಂಡಕ್ಟರ್‌ಗೆ ಒಂದೇ ತಿಂಗಳಲ್ಲಿ ಮೂರು ಗುರುತು ಬಿತ್ತು. ಮೂರೂ ಸಲ ಮೂರು ಮೂರು ನಿಮಿಷ. ಅಂದ್ರೆ ಅವನು ಒಂದು ದಿನಾನೂ ತಡ ಆಗಿರ್ಲಿಲ್ಲ."

"ಆಮೇಲೆ?" ಎಂದಳು ಗಿಣಿ, ಪಿಸುಮಾತಿನಲ್ಲಿ.

"ಕೆಲಸ ಹೋಯ್ತು. ವಿಚಾರಣೆಗೆ ಬಂದೋರು ಕೇಳಿದ್ರು, ಗಡಿಯಾರ ಸರಿ ಇತ್ತಾ ಅಂತ. ಸರಿ ಇತ್ತು ಅಂದೆ."

ಯಾರೂ ಉಣ್ಣುತ್ತಿರಲಿಲ್ಲ.

"ಹೋದ ವರ್ಷದಿಂದ ಹುಡುಕಿಸ್ತಿದ್ದೆ. ಹಳೇ ಡ್ರೈವರ್ ಒಬ್ರ ಕೈಲಿ ಅವನ ಮಗಳು ಈ ಚೀಟಿ ಕಳ್ಸಿದ್ಲು. ಅಷ್ಟೇ."

ಅತ್ತೆ ನಕ್ಕರು. ಆ ನಗು ನನಗೆ ಇಷ್ಟವಾಗಲಿಲ್ಲ. "ಮೂವತ್ತೇಳು ವರ್ಷ ಬಾಯಿ ಬಿಟ್ಟಿಲ್ಲ. ಚೀಟಿ ಸಿಕ್ಕಿದ್ ತಕ್ಷಣ ಕಥೆ ರೆಡಿ."

"ಕಥೆ ಅಲ್ಲ."

"ಕಥೆ ಅಲ್ದಿದ್ರೆ ಮೊದ್ಲೇ ಯಾಕೆ ಹೇಳ್ಲಿಲ್ಲ? ಹೆಂಡ್ತಿ ಹತ್ರ ಹೇಳೋಕಾಗ್ದೆ ಇರೋವಂಥದ್ದೇನಿದೆ ಇದ್ರಲ್ಲಿ?"

"ಹೇಳಿದ್ರೆ ನೀವೆಲ್ಲ ನನ್ನ ಹೀಗೆ ನೋಡ್ತೀರಿ ಅಂತ."

"ಹೇಗೆ?"

"ಈಗ ನೋಡ್ತಿದ್ದೀರಲ್ಲ, ಹಾಗೆ."

ಅತ್ತೆ ತಟ್ಟೆ ಸರಿಯಾಗಿಟ್ಟು ತಾವೇ ಅನ್ನ ಹಾಕಿಕೊಂಡರು. "ಬರ್ತೀನಿ. ಕಣ್ಣಾರೆ ನೋಡ್ಬೇಕು ನಾನು."

ಪ್ರವಾಸ ನಡೆಯಿತು. ನನ್ನ ಗಂಡ ಸ್ನೇಹಿತರ ವ್ಯಾನು ಕೇಳಿ ತಂದು ತಾವೇ ಓಡಿಸಿದರು. ದೀಪಸ್ತಂಭ ಹತ್ತಿದೆವು, ಗಾಳಿಗೆ ನನ್ನ ಕನ್ನಡಕ ಹಾರಿಹೋಗುವುದರಲ್ಲಿತ್ತು. ಮೀನು ಸಂತೆಯಲ್ಲಿ ಗಿಣಿ ಬೆಳಿಗ್ಗೆ ಆರೂವರೆಗೇ ಹುರಿದ ಸಿಗಡಿ ತಿಂದಳು. ಸೂರ್ಯಾಸ್ತ ಹನ್ನೆರಡು ನಿಮಿಷದೊಳಗೇ ಮುಗಿಯಿತು. ಎಲ್ಲವೂ ಹಾಳೆಯಲ್ಲಿದ್ದ ಹಾಗೆ. ಆದರೆ ಏನು ತಿಂದರೂ ಅತ್ತೆ ಮಾವನನ್ನೇ ನೋಡುತ್ತಿದ್ದರು, ಮಾವ ಗಡಿಯಾರ ನೋಡುತ್ತಿದ್ದರು.

ಮೂರನೇ ದಿನ ಊಟ ಮುಗಿಸಿ ಎರಡು ಹತ್ತಕ್ಕೆ ಸರಿಯಾಗಿ ಮಾವ ಎದ್ದರು. ಕೈಯಲ್ಲಿ ಒಂದು ಚೀಲ ಕಿತ್ತಳೆ. "ನೀವು ದೋಣಿ ನೋಡ್ಕೊಂಡು ಬನ್ನಿ," ಎಂದು ಸೇತುವೆ ಕಡೆ ನಡೆದರು. ನನ್ನ ಗಂಡ, ಗಿಣಿ ದೋಣಿಗೆ ಹೋದರು. ಅತ್ತೆ ನನ್ನ ಮೊಣಕೈ ಹಿಡಿದರು.

"ನಡಿ."

ಐಸ್ ಫ್ಯಾಕ್ಟರಿಯ ಮುಂದೆ ಮೀನಿನ ಪೆಟ್ಟಿಗೆಗಳನ್ನು ಒಟ್ಟಿದ್ದರು. ಅದರ ಮರೆಯಲ್ಲಿ ನಿಂತೆವು. ಕಾಲಡಿ ಕರಗಿದ ಐಸಿನ ನೀರು ಹರಿಯುತ್ತಿತ್ತು, ಚಪ್ಪಲಿ ನೆನೆಯಿತು. ಎದುರಿಗೆ ನೀಲಿ ಗೇಟು, ಅದರ ಮುಂದೆ ಮಾವ. ತಲೆ ಕೂದಲು ಕೈಯಿಂದ ಸರಿಮಾಡಿಕೊಂಡು ತಟ್ಟಿದರು.

ಒಬ್ಬ ಹೆಂಗಸು ಬಂದಳು. ಕೂಡಲೇ ತೆಗೆಯಲಿಲ್ಲ. ಗೇಟಿನ ಮೇಲಿಂದ ರಸ್ತೆಯ ಎರಡೂ ಕಡೆ ನೋಡಿದಳು.

"ನಿನ್ನ ಕಣ್ಣು ಚೆನ್ನಾಗಿದೆ," ಎಂದರು ಅತ್ತೆ. ನನ್ನ ಮೊಣಕೈ ಹಿಡಿದಿದ್ದ ಕೈ ಬಿಗಿಯಾಯಿತು. "ಯಾರ ಹಾಗಿದ್ದಾಳೆ ಹೇಳು."

"ದೂರ ಇದೆ ಅತ್ತೆ."

"ಮೂಗು ನೋಡು."

ನನ್ನ ಗಂಡನದೂ ಗಿಣಿಯದೂ ಮಾವನದೇ ಮೂಗು, ಮಧ್ಯೆ ಸ್ವಲ್ಪ ಉಬ್ಬಿದ್ದು. ನಾನು ನೋಡಿದೆ. ಅವಳು ಬಿಸಿಲಿಗೆ ಮುಖಕ್ಕೆ ಕೈ ಅಡ್ಡ ಹಿಡಿದಿದ್ದಳು. ಕೈ ಇಳಿಸುವಷ್ಟರಲ್ಲಿ ತಿರುಗಿಬಿಟ್ಟಳು.

"ಕಾಣ್ಲಿಲ್ಲ."

"ನಿಜ ಹೇಳು."

"ನಿಜವಾಗ್ಲೂ ಕಾಣ್ಲಿಲ್ಲ."

ಮಾವ ಒಳಗೆ ಹೋದರು, ಗೇಟು ಮುಚ್ಚಿತು. ನನ್ನ ಫೋನಿನಲ್ಲಿ ಎರಡು ಇಪ್ಪತ್ತಾರು. ಮೂರೂವರೆ ಗಂಟೆ ಇಲ್ಲಿ ಹೇಗೆ ನಿಲ್ಲುವುದೆಂದು ಯೋಚಿಸುತ್ತಿರುವಾಗಲೇ ಗೇಟು ಮತ್ತೆ ತೆರೆಯಿತು. ಎರಡು ಮೂವತ್ತೇಳು. ಮಾವ ಒಬ್ಬರೇ ಹೊರಗೆ ಬಂದರು. ಬೀಳ್ಕೊಡಲು ಯಾರೂ ಬರಲಿಲ್ಲ. ಕಿತ್ತಳೆಯ ಚೀಲ ಅವರ ಕೈಯಲ್ಲೇ ಇತ್ತು.

ಅವರು ನಮ್ಮ ಕಡೆ ಬರಲಿಲ್ಲ. ನಿಧಾನವಾಗಿ ನಡೆದು ಹಳೆಯ ಬಸ್ ನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ ಕುಳಿತರು. ನಾವು ರಸ್ತೆಯ ಆಚೆ, ಎಳನೀರು ಮಾರುವವಳ ಗಾಡಿಯ ಹಿಂದೆ. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಮಾವ ತಲೆ ಎತ್ತಲಿಲ್ಲ.

"ಹೋಗಿ ಕರೀಲಾ ಅತ್ತೆ?"

"ಬೇಡ."

"ಬಿಸಿಲಲ್ಲಿ ಕೂತಿದ್ದಾರೆ."

"ಐದು ನಲವತ್ತರ ತನಕ ಅಂತ ಬರ್ದಿದ್ದಾರಲ್ಲ. ಮುಗೀಲಿ ಅವರ ಹಾಲ್ಟು."

ಒಂದು ಗಂಟೆ ನೋಡಿದೆವು. ಆಮೇಲೆ ಅತ್ತೆಗೆ ಕಾಲು ನೋವು ಬಂದು ಹೋಟೆಲಿಗೆ ಹಿಂತಿರುಗಿದೆವು. ತಿರುಗಿ ನೋಡಿದಾಗ ಚೀಲ ಬೆಂಚಿನ ಕೆಳಗಿತ್ತು.

ಐದು ನಲವತ್ತಕ್ಕೆ ಮಾವ ಬಂದರು. ಬರಿಗೈ. ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಗಿಣಿ ಹೇಳಿದ ಸುಟ್ಟ ಮೀನು ಬಂದಿತ್ತು.

"ಏನಾಯ್ತಪ್ಪ?" ಎಂದರು ನನ್ನ ಗಂಡ.

"ಚೆನ್ನಾಗಿ ಮಾತಾಡಿದ್ವಿ. ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ. ಬಿಡ್ಲೇ ಇಲ್ಲ ಅವ್ರು, ಟೀ, ತಿಂಡಿ ಎಲ್ಲ ಕೊಟ್ರು."

"ಹಣ್ಣು ತಗೊಂಡ್ರಾ?" ಎಂದರು ಅತ್ತೆ.

"ತಗೊಂಡ್ರು."

ನಾನು ತಲೆ ತಗ್ಗಿಸಿದೆ. ಈಗ ಸಿಡಿಯುತ್ತದೆ ಎಂದುಕೊಂಡೆ. ಅತ್ತೆ ಮೀನಿನ ತಟ್ಟೆಯನ್ನು ಮಾವನ ಮುಂದೆ ತಳ್ಳಿದರು.

"ತಿನ್ನಿ."

"ಹೇಳಿದ್ನಲ್ಲ, ಅಲ್ಲೇ ಆಯ್ತು."

"ಆದ್ರೂ ತಿನ್ನಿ."

ಮಾವ ತಿಂದರು. ಗಿಣಿ ತನ್ನ ಪಾಲಿಗೆ ಕಡಿಮೆ ಬಂತೆಂದು ಗೊಣಗುವಷ್ಟು ತಿಂದರು.

ಊರಿಗೆ ಬಂದು ಒಂದು ವಾರವಾದ ಮೇಲೆ, ಬೆತ್ತ ಹೆಣೆಯುತ್ತ ಅತ್ತೆ ಕೇಳಿದರು. "ಸ್ವಂತ ಮನೆ ಆಗಿದ್ರೆ ಹನ್ನೊಂದು ನಿಮಿಷಕ್ಕೆ ಆಚೆ ಕಳಿಸ್ತಾರಾ?"

"ಕಳಿಸಲ್ಲ ಅತ್ತೆ. ಅದಕ್ಕೇ ಹೇಳ್ತಿದ್ದೀನಿ, ಕಂಡಕ್ಟರ್ ವಿಷಯಾನೇ ನಿಜ."

ಅವರು ಎಳೆ ಬಿಗಿಮಾಡಿ ಹಲ್ಲಿನಲ್ಲಿ ಕಡಿದರು. "ಸ್ವಂತ ಮನೆ ಆಗಿದ್ರೇನೆ ಹಾಗೆ ಕಳಿಸ್ತಾರೆ."

ಅತ್ತೆ ಮಾವನಿಗೆ ಮೊದಲಿನಂತೆ ಬಡಿಸುತ್ತಾರೆ, ಮೊದಲಿನಂತೆ ರೇಗುತ್ತಾರೆ. ಆ ಊರಿನ ಹೆಸರು ಎತ್ತುವುದಿಲ್ಲ. ಆ ಹನ್ನೊಂದು ನಿಮಿಷದಲ್ಲಿ ಗೇಟಿನೊಳಗೆ ಏನಾಯಿತು, ಅಲ್ಲಿ ಒಬ್ಬ ಮುದಿ ಕಂಡಕ್ಟರ್ ಇದ್ದನೋ ಇಲ್ಲವೋ, ಆ ಹೆಂಗಸಿನ ಮೂಗು ಹೇಗಿತ್ತು, ನನಗೆ ಗೊತ್ತಿಲ್ಲ. ಆ ನಂಬರು ಇನ್ನೂ ನೆನಪಿದೆ. ಮತ್ತೆ ಫೋನ್ ಮಾಡಿಲ್ಲ.